ಮೋಟೋಕ್ರಾಸ್ ಬೈಕಿನ ಸ್ಯಾಗ್: ಪ್ರಿಲೋಡ್ ಮತ್ತು ಸ್ಪ್ರಿಂಗ್ ನಡುವಿನ ಗೊಂದಲ

ರೇಸ್ ಬೈಕಿನ ಸೆಟಪ್ ಓದಲು ಕೂತವರಿಗೆ ಮೊದಲು ಸಿಗುವ ಪದವೇ ಸ್ಯಾಗ್, ಅಂದರೆ ಭಾರ ಬಿದ್ದಾಗ ಸಸ್ಪೆನ್ಷನ್ ಎಷ್ಟು ಕುಸಿಯುತ್ತದೆ ಅನ್ನುವ ಅಳತೆ. ಅದರಲ್ಲಿ ಅರ್ಧ ತಕ್ಷಣ ತಲೆಗೆ ಹೋಗುತ್ತದೆ. ಉಳಿದರ್ಧ ಮಾತ್ರ ಎಷ್ಟು ಸಲ ಓದಿದರೂ ಉಲ್ಟಾ ಅನಿಸುತ್ತದೆ. ಆ ಉಲ್ಟಾ ಭಾಗ ಈಗಷ್ಟೇ ಬಿಡಿಸಿಕೊಂಡಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕ್ಲಚ್, ಗೇರ್, ಜಂಪ್ ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡು ಬಿಟ್ಟಿದ್ದೇನೆ.

ಅಳೆಯುವುದು

ಬೈಕನ್ನು ಸ್ಟ್ಯಾಂಡ್ ಮೇಲೆ ಎತ್ತಿ. ಹಿಂದಿನ ಚಕ್ರ ನೆಲ ಬಿಟ್ಟು ತೂಗಬೇಕು. ಹಿಂದಿನ ಆಕ್ಸಲ್‌ನಿಂದ ಮೇಲಕ್ಕೆ, ಮಡ್‌ಗಾರ್ಡ್ ಹತ್ತಿರ ಒಂದು ಗುರುತು ಹಾಕಿ ಟೇಪ್ ಹಿಡಿಯಿರಿ. 600 ಮಿ.ಮೀ. ಬಂತು ಅನ್ನಿ. ಈಗ ಬೈಕನ್ನು ನೆಲಕ್ಕಿಳಿಸಿ, ಯಾರೂ ಹತ್ತದೆ, ಅದೇ ಗುರುತಿಗೆ ಅಳೆಯಿರಿ: 565. ಕೊನೆಗೆ ರೈಡರ್ ಹತ್ತಿದ ಮೇಲೆ ಅಳೆಯಿರಿ: 495.

600ರಲ್ಲಿ 565 ಕಳೆದರೆ 35. ಇದು ಫ್ರೀ ಸ್ಯಾಗ್, ಅಂದರೆ ಬೈಕು ತನ್ನ ಭಾರಕ್ಕೇ ಕುಸಿದದ್ದು. 600ರಲ್ಲಿ 495 ಕಳೆದರೆ 105. ಇದು ರೇಸ್ ಸ್ಯಾಗ್, ಅಂದರೆ ಬೈಕು ಮತ್ತು ರೈಡರ್ ಇಬ್ಬರ ಭಾರಕ್ಕೂ ಸೇರಿ ಕುಸಿದದ್ದು. ಎರಡನ್ನೂ 600ರಿಂದಲೇ ಕಳೆಯಬೇಕು.

ರೈಡರ್ ಅಂದರೆ ಹೆಲ್ಮೆಟ್, ಬೂಟು, ಆರ್ಮರ್ ಎಲ್ಲ ಹಾಕಿಕೊಂಡ ರೈಡರ್. ಚಪ್ಪಲಿ ಹಾಕಿಕೊಂಡು ಹತ್ತಿ ಅಳೆದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಸಾಮಾನಿನ ತೂಕವೇ ಕೆಲವು ಕೆಜಿ ಇರುತ್ತದೆ. ಪ್ರತಿ ಸಲ ಅಳೆಯುವ ಮೊದಲು ಬೈಕನ್ನು ಎರಡು ಮೂರು ಸಲ ಕೆಳಕ್ಕೆ ಒತ್ತಿ ಬಿಡಿ. ಸೀಲುಗಳ ಹಿಡಿತಕ್ಕೆ ಸಸ್ಪೆನ್ಷನ್ ಅಲ್ಲಲ್ಲೇ ಸಿಕ್ಕಿಕೊಳ್ಳುತ್ತದೆ.

ದೊಡ್ಡ ಮೋಟೋಕ್ರಾಸ್ ಬೈಕುಗಳಲ್ಲಿ ಹಿಂದಿನ ಚಕ್ರದ ಓಡಾಟ (ಚಕ್ರ ಮೇಲೆ ಕೆಳಗೆ ಚಲಿಸಬಲ್ಲ ದೂರ) ಸುಮಾರು 300 ಮಿ.ಮೀ. ರೇಸ್ ಸ್ಯಾಗ್ ಅದರ ಮೂರನೇ ಒಂದು ಭಾಗದ ಆಸುಪಾಸು, 100ರಿಂದ 105. ಫ್ರೀ ಸ್ಯಾಗ್ 30ರಿಂದ 40. ನಿಮ್ಮ ಬೈಕಿನ ಕೈಪಿಡಿಯಲ್ಲಿ ಬೇರೆ ಸಂಖ್ಯೆ ಇದ್ದರೆ ಅದೇ ಸರಿ. ನಮ್ಮಲ್ಲಿ ಎಕ್ಸ್‌ಪಲ್ಸ್ 200 ಇಟ್ಟುಕೊಂಡು ಕಲಿಯುವವರು ಜಾಸ್ತಿ ಅಲ್ವಾ, ಅವರು ಈ 105ನ್ನು ಸುಮ್ನೆ ನಕಲು ಮಾಡಬೇಡಿ. ಆ ಬೈಕಿನ ಸಾಮಾನ್ಯ ಮಾದರಿಯಲ್ಲಿ ಹಿಂದಿನ ಓಡಾಟವೇ 170. ಅದರಲ್ಲಿ 105 ಕುಸಿದರೆ ಗುಂಡಿಗೆ ಉಳಿಯುವುದೇನು?

ತಲೆ ಕೆಡಿಸುವ ಭಾಗ

ರೇಸ್ ಸ್ಯಾಗ್ ಜಾಸ್ತಿ ಬಂದರೆ ಶಾಕ್ (ಹಿಂದಿನ ಶಾಕ್ ಅಬ್ಸಾರ್ಬರ್) ಮೇಲಿನ ರಿಂಗ್ ಬಿಗಿ ಮಾಡಿ ಸ್ಪ್ರಿಂಗನ್ನು ಮೊದಲೇ ಒತ್ತಿಡುತ್ತೇವೆ. ಅದೇ ಪ್ರಿಲೋಡ್. ಕಡಿಮೆ ಬಂದರೆ ಸಡಿಲ ಮಾಡುತ್ತೇವೆ. ರಿಂಗ್ ತಿರುಗಿಸಿ 105ಕ್ಕೆ ತಂದು ನಿಲ್ಲಿಸಿದಿರಿ ಅನ್ನಿ. ಈಗ ಫ್ರೀ ಸ್ಯಾಗ್ ನೋಡುತ್ತೀರಿ, ಬರೀ 23. ಬೈಕು ತನ್ನ ಭಾರಕ್ಕೆ ಸರಿಯಾಗಿ ಕುಸಿಯುತ್ತಲೇ ಇಲ್ಲ. ಸ್ಪ್ರಿಂಗ್ ಗಟ್ಟಿ ಇದೆ ಅನಿಸುತ್ತದೆ ಅಲ್ವಾ?

ಅಲ್ಲ. ಸ್ಪ್ರಿಂಗ್ ಮೆತ್ತಗಿದೆ.

ಇದನ್ನು ಬರೀ ಬಾಯಿಪಾಠ ಮಾಡಿದರೆ ಮುಂದಿನ ವಾರಕ್ಕೆ ಮರೆತುಹೋಗುತ್ತದೆ. ಹಾಗಾಗಿ ಲೆಕ್ಕ ಹಾಕೋಣ. ಮೊದಲು ಒಂದು ಮಾತು: ರಿಂಗ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಬಾಲ್ ಪೆನ್ನಿನ ಸ್ಪ್ರಿಂಗನ್ನು ಬೆರಳಲ್ಲಿ ಅರ್ಧ ಒತ್ತಿ ಹಿಡಿದುಕೊಳ್ಳಿ. ಅಲ್ಲಿಂದ ಇನ್ನೊಂದು ಮಿ.ಮೀ. ಒತ್ತಲು ಮೊದಲು ಒಂದು ಮಿ.ಮೀ.ಗೆ ಬೇಕಾದಷ್ಟೇ ಹೆಚ್ಚುವರಿ ಬಲ ಸಾಕು. ಬಿಗಿ ಮಾಡಿದಾಗ ಬದಲಾಗುವುದು ಸ್ಪ್ರಿಂಗ್ ಮೊದಲೇ ಎಷ್ಟು ಭಾರ ಹೊತ್ತು ಕೂತಿದೆ ಅನ್ನುವುದು ಮಾತ್ರ.

ಲೆಕ್ಕಕ್ಕೆ ನಾನೇ ಇಟ್ಟುಕೊಂಡ ಸಂಖ್ಯೆಗಳು: ಬೈಕಿನ ಸ್ವಂತ ಭಾರದಲ್ಲಿ ಹಿಂದಿನ ಸ್ಪ್ರಿಂಗ್ ಪಾಲು 50 ಕೆಜಿ. ರೈಡರ್ ಹತ್ತಿದಾಗ ಸೇರುವ ಪಾಲು 49 ಕೆಜಿ. ಒಟ್ಟು 99. ಸ್ಪ್ರಿಂಗಿನ ಬಲವನ್ನು ಚಕ್ರದ ಹತ್ತಿರವೇ ಅಳೆದಿದ್ದೇವೆ ಅಂದುಕೊಳ್ಳಿ.

ಸರಿಯಾದ ಸ್ಪ್ರಿಂಗ್, ಮಿ.ಮೀ.ಗೆ 0.7 ಕೆಜಿ. 105 ಕುಸಿಯಲು ಬೇಕಾದದ್ದು 73.5 ಕೆಜಿ. 99ರಲ್ಲಿ ಅದನ್ನು ಕಳೆದರೆ 25.5. ಅಂದರೆ ರಿಂಗ್ ಬಿಗಿ ಮಾಡಿ ಅಷ್ಟು ಭಾರವನ್ನು ಸ್ಪ್ರಿಂಗ್ ಮೊದಲೇ ಹೊತ್ತಿರುವಂತೆ ಮಾಡಬೇಕು. ಈಗ ರೈಡರ್ ಇಳಿದ. ಉಳಿದ 50ರಲ್ಲಿ 25.5 ಆಗಲೇ ಹೊತ್ತಾಗಿದೆ. ಬಾಕಿ 24.5ನ್ನು 0.7ರಿಂದ ಭಾಗಿಸಿದರೆ ಫ್ರೀ ಸ್ಯಾಗ್ 35. ಸರಿಯಾಗಿದೆ.

ಮೆತ್ತನೆ ಸ್ಪ್ರಿಂಗ್, 0.6. ಇಲ್ಲಿ 105 ಕುಸಿಯಲು 63 ಕೆಜಿ ಸಾಕು. ಹಾಗಾಗಿ ಅದನ್ನು 105ರಲ್ಲಿ ತಡೆದು ನಿಲ್ಲಿಸಲು 36 ಕೆಜಿಯಷ್ಟು ಪ್ರಿಲೋಡ್ ಹಾಕಬೇಕು. ರೈಡರ್ ಇಳಿದ ಮೇಲೆ 50ರಲ್ಲಿ ಬಾಕಿ ಬರೀ 14. ಅದನ್ನು 0.6ರಿಂದ ಭಾಗಿಸಿದರೆ 23. ಬೈಕು ಕುಸಿಯದೆ ನಿಂತದ್ದಕ್ಕೆ ಇದೇ ಕಾರಣ. ಸ್ಪ್ರಿಂಗ್ ಮೆತ್ತಗಿದ್ದದ್ದಕ್ಕೇ ನಾವು ಅದನ್ನು ಅಷ್ಟೊಂದು ಬಿಗಿದೆವು.

ಗಟ್ಟಿ ಸ್ಪ್ರಿಂಗ್ 0.8 ಆದರೆ 84 ಕೆಜಿ ಬೇಕು, ಪ್ರಿಲೋಡ್ 15 ಸಾಕು, ಫ್ರೀ ಸ್ಯಾಗ್ ಸುಮಾರು 44.

ನನಗೆ ಇಷ್ಟವಾದ ಅಡ್ಡದಾರಿ ಇಲ್ಲಿದೆ. ರೇಸ್ ಸ್ಯಾಗ್‌ನಿಂದ ಫ್ರೀ ಸ್ಯಾಗ್ ಕಳೆಯಿರಿ. 0.7ಕ್ಕೆ 70, 0.6ಕ್ಕೆ 82, 0.8ಕ್ಕೆ 61. ಇದು ರೈಡರ್ ಪಾಲಿನ 49 ಕೆಜಿಯನ್ನು ಸ್ಪ್ರಿಂಗ್ ಬಲದಿಂದ ಭಾಗಿಸಿದ್ದು, ಅಷ್ಟೇ. ಪ್ರಿಲೋಡ್ ಎರಡೂ ಕಡೆ ಇರುವುದರಿಂದ ಕಳೆದುಹೋಗುತ್ತದೆ. ಅಂದರೆ ರಿಂಗನ್ನು ಎಷ್ಟೇ ತಿರುಗಿಸಿದರೂ ಈ ವ್ಯತ್ಯಾಸ ಹೆಚ್ಚುಕಡಿಮೆ ಹಾಗೇ ಇರುತ್ತದೆ. ವ್ಯತ್ಯಾಸ ದೊಡ್ಡದಾದರೆ ಆ ರೈಡರ್ ತೂಕಕ್ಕೆ ಸ್ಪ್ರಿಂಗ್ ಮೆತ್ತಗೆ, ಚಿಕ್ಕದಾದರೆ ಗಟ್ಟಿ. "ಹೆಚ್ಚುಕಡಿಮೆ" ಅಂದದ್ದು ಯಾಕೆಂದರೆ ನಿಜವಾದ ಬೈಕಿನಲ್ಲಿ ಲಿಂಕೇಜ್ (ಚಕ್ರದ ಚಲನೆಯನ್ನು ಶಾಕ್‌ಗೆ ಮುಟ್ಟಿಸುವ ಸನ್ನೆಗಳು) ಇರುತ್ತದೆ, ಚಕ್ರ ಮೇಲೆ ಹೋದಷ್ಟೂ ಒತ್ತುವುದು ಕಷ್ಟವಾಗುತ್ತದೆ. ದಿಕ್ಕು ಮಾತ್ರ ಬದಲಾಗುವುದಿಲ್ಲ.

ಗುರಿ ತಲುಪದಿದ್ದರೆ ರಿಂಗ್ ಜೊತೆ ಗುದ್ದಾಡುವುದು ಬಿಟ್ಟು ಸ್ಪ್ರಿಂಗ್ ಬದಲಿಸಿ. ಹೊಸ ಬೈಕಿನ ಜೊತೆ ಬರುವ ಸ್ಪ್ರಿಂಗ್ ಒಂದು ತೂಕದ ಅಂದಾಜಿಗೆ ಮಾಡಿದ್ದು. ನೀವು ಅದಕ್ಕಿಂತ ತುಂಬಾ ಹಗುರ ಅಥವಾ ಭಾರ ಇದ್ದರೆ ಯಾವ ಕ್ಲಿಕ್ಕರ್ (ಸಸ್ಪೆನ್ಷನ್ ಎಷ್ಟು ವೇಗವಾಗಿ ಚಲಿಸಬೇಕು ಎಂದು ಹೊಂದಿಸುವ ತಿರುಪು) ಕೂಡ ನಿಮ್ಮನ್ನು ಉಳಿಸುವುದಿಲ್ಲ.

ಮೈ ಎಲ್ಲಿದೆ ಅನ್ನುವುದೂ ಸೆಟಪ್ಪೇ

ಆ 49 ಕೆಜಿ ಎಲ್ಲಿಂದ ಬಂತು? ರೈಡರ್ ಪೂರ್ತಿ ಭಾರ ಹಿಂದಿನ ಚಕ್ರಕ್ಕೆ ಹೋಗುವುದಿಲ್ಲ, ಒಂದು ಪಾಲು ಮುಂದಕ್ಕೂ ಹೋಗುತ್ತದೆ. ಎಷ್ಟು ಪಾಲು ಅನ್ನುವುದನ್ನು ಮೈ ನಿರ್ಧರಿಸುತ್ತದೆ. ಸೀಟಿನ ಹಿಂಭಾಗದಲ್ಲಿ ಕೂತರೆ ಹಿಂದೆ ಜಾಸ್ತಿ. ಪೆಗ್ (ಕಾಲಿಡುವ ಮೆಟ್ಟು) ಮೇಲೆ ನಿಂತು ಮುಂದಕ್ಕೆ ಬಾಗಿದರೆ ಕಡಿಮೆ. ಕೂತು ಅಳೆದ ಸಂಖ್ಯೆ, ನಿಂತು ಅಳೆದ ಸಂಖ್ಯೆ ಎರಡೂ ಬೇರೆ ಬರುವುದು ಅದಕ್ಕೇ. ಕೈಪಿಡಿ ಕೂತು ಅಳೆಯಿರಿ ಅಂದರೆ ಕೂತೇ ಅಳೆಯಿರಿ. ಎರಡನ್ನೂ ಬೆರೆಸಬೇಡಿ.

ನಿಂತು ಓಡಿಸುವುದನ್ನು ನೋಡಿ ಕಲಿಯಲು ಇಬ್ಬರು ಸಾಕು. ಬೆಲ್ಜಿಯಂನ ಸ್ಟೆಫಾನ್ ಎವರ್ಟ್ಸ್, 10 ವಿಶ್ವ ಪ್ರಶಸ್ತಿ ಗೆದ್ದವರು, ಬೇರೆಯವರು ಕೂತುಬಿಡುವ ತಿರುವುಗಳಲ್ಲೂ ನಿಂತೇ ಹೋಗುತ್ತಿದ್ದರು. ಇನ್ನೊಬ್ಬರು ಆಸ್ಟ್ರೇಲಿಯಾದ ಜೆಟ್ ಲಾರೆನ್ಸ್. 2023ರಲ್ಲಿ ಅಮೆರಿಕದ ಪ್ರೊ ಮೋಟೋಕ್ರಾಸ್‌ನ 450 ವರ್ಗಕ್ಕೆ ಹೊಸಬರಾಗಿ ಬಂದು 22 ಮೋಟೋಗಳಲ್ಲಿ (ಅಂದರೆ ರೇಸ್‌ಗಳಲ್ಲಿ) 22ನ್ನೂ ಗೆದ್ದರು. ಅದಕ್ಕೂ ಮೊದಲು ಹಾಗೆ ಒಂದೂ ಸೋಲದೆ ಋತು ಮುಗಿಸಿದವರು ರಿಕಿ ಕಾರ್ಮೈಕಲ್ (2002, 2004) ಮತ್ತು ಜೇಮ್ಸ್ ಸ್ಟುವರ್ಟ್ (2008).

ಲಾರೆನ್ಸ್ ಓಡಿಸುವ ವಿಡಿಯೋ ನಿಧಾನ ಮಾಡಿ ಕಾಲು ನೋಡಿ. ಪಾದದ ನಡುಭಾಗ ಪೆಗ್ ಮೇಲಿರುವುದು ಅಪರೂಪ, ಬೆರಳಿನ ಬುಡವೇ ಜಾಸ್ತಿ. ಬೈಕು ಕೆಳಗೆ ಕುಣಿಯುತ್ತಿದ್ದರೂ ಮಂಡಿ ಮತ್ತು ಕಣಕಾಲು ಅದನ್ನು ನುಂಗಿಕೊಳ್ಳುತ್ತವೆ, ತಲೆ ಹೆಚ್ಚು ಅಲ್ಲಾಡುವುದಿಲ್ಲ. ಭಾರ ಕಾಲಲ್ಲಿರುವುದರಿಂದ ಕೈ ಹ್ಯಾಂಡಲ್‌ಗೆ ಜೋತುಬೀಳಬೇಕಿಲ್ಲ. ಜೋತುಬಿದ್ದರೆ ಮುಂಗೈ ಕಲ್ಲಾಗುತ್ತದೆ, ಆಮೇಲೆ ಬ್ರೇಕ್ ಹಿಡಿಯಲೂ ಬೆರಳು ಕೇಳುವುದಿಲ್ಲ.

ಉಳಿದದ್ದು, ಬೇಗ

ಸ್ಯಾಗ್ ಜಾಸ್ತಿಯಾದರೆ ಹಿಂಭಾಗ ತಗ್ಗುತ್ತದೆ. ನೇರ ದಾರಿಯಲ್ಲಿ ಬೈಕು ಸ್ಥಿರ, ಆದರೆ ತಿರುವಿನಲ್ಲಿ ಮುಂದಿನ ಚಕ್ರ ಹೊರಕ್ಕೆ ಜಾರುತ್ತದೆ. ಕಡಿಮೆಯಾದರೆ ಚುರುಕಾಗಿ ತಿರುಗುತ್ತದೆ, ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ. ಬೆಲ್ಜಿಯಂನ ಲೊಮ್ಮೆಲ್ ಥರದ ಆಳ ಮರಳಿನಲ್ಲಿ ಸ್ವಲ್ಪ ಜಾಸ್ತಿ ಸ್ಯಾಗ್ ಇಟ್ಟು, ಮುಂದಿನ ಫೋರ್ಕ್ ಗಟ್ಟಿ ಮಾಡುವವರು ಇರುವುದು ಇದೇ ಕಾರಣಕ್ಕೆ.

ಕ್ಲಿಕ್ಕರ್ ಮುಟ್ಟುವುದು ಸ್ಯಾಗ್ ಕೂತ ಮೇಲೆ. ಗಡಿಯಾರದ ದಿಕ್ಕಿಗೆ ಮೆಲ್ಲಗೆ ಕೊನೆಯವರೆಗೂ ತಿರುಗಿಸಿ, ಅಲ್ಲಿಂದ ಹೊರಕ್ಕೆ ಎಣಿಸಿ ಬರೆದುಕೊಳ್ಳಿ. ಬ್ರೇಕ್ ಹಾಕುವ ಜಾಗದ ಸಾಲು ಉಬ್ಬುಗಳಲ್ಲಿ ಹಿಂಭಾಗ ಒದ್ದರೆ ರಿಬೌಂಡ್ (ಒತ್ತಿದ ಸ್ಪ್ರಿಂಗ್ ಮರಳಿ ಚಾಚುವುದು) ತುಂಬಾ ವೇಗ ಇರಬಹುದು. ಪ್ರತಿ ಉಬ್ಬಿಗೂ ಬೈಕು ಇನ್ನಷ್ಟು ತಗ್ಗುತ್ತಾ ಹೋಗಿ ಕೊನೆಗೆ ಗಟ್ಟಿಯಾದರೆ ತುಂಬಾ ನಿಧಾನ. ಒಂದು ಸಲಕ್ಕೆ ಒಂದೇ ಕ್ಲಿಕ್ಕರ್, ಎರಡೇ ಕ್ಲಿಕ್.

ಟೈರಿನ ಗಾಳಿ 12ರಿಂದ 14 ಪಿಎಸ್ಐ, ಪ್ರತಿ ಸಲ ಓಡಿಸುವ ಮೊದಲು ನೋಡಿ. ಟ್ಯೂಬ್ ಬದಲು ಮೂಸ್ (ಟೈರಿನೊಳಗೆ ಕೂರಿಸುವ ಗಟ್ಟಿ ಫೋಮ್ ಬಳೆ) ಹಾಕಿದ್ದರೆ ಆ ಕೆಲಸವೂ ಇಲ್ಲ.