ತೀರಿಹೋದ ತಾತನೂ ‘ತಾತ್ಕಾಲಿಕ’ವೇ?

ಪ್ರಶ್ನೆ: ಸ್ಪ್ಯಾನಿಷ್‌ನ ‘ಎಸ್ತಾರ್’ ಕ್ರಿಯಾಪದದ ವರ್ತಮಾನ ರೂಪಗಳು ಯಾವುವು? ‘ಇರು’, ‘ಆಗಿರು’ ಅನ್ನುವುದಕ್ಕೆ ಅಲ್ಲಿ ಎರಡು ಕ್ರಿಯಾಪದಗಳಿವೆಯಲ್ಲ, ಶಾಶ್ವತವಾದದ್ದಕ್ಕೆ ‘ಸೇರ್’, ತಾತ್ಕಾಲಿಕಕ್ಕೆ ‘ಎಸ್ತಾರ್’ ಅಂತ ನೆನಪಿಟ್ಟುಕೊಂಡರೆ ಸಾಕಲ್ಲವೇ?

ಸಾಲದು. ಇದನ್ನು ಎಷ್ಟನೇ ಸಲ ಹೇಳುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ.

ರೂಪಗಳನ್ನು ಮೊದಲು ಮುಗಿಸಿಬಿಡೋಣ. ನಾನು ‘ಎಸ್ತೋಯ್’, ನೀನು ‘ಎಸ್ತಾಸ್’, ಅವನು, ಅವಳು, ತಾವು ಎಲ್ಲಕ್ಕೂ ‘ಎಸ್ತಾ’, ನಾವು ‘ಎಸ್ತಾಮೋಸ್’, ಅವರು ‘ಎಸ್ತಾನ್’. ಸ್ಪೇನ್‌ನಲ್ಲಿ ಸಲುಗೆಯ ‘ನೀವೆಲ್ಲ’ಕ್ಕೆ ‘ಎಸ್ತಾಇಸ್’. ಲ್ಯಾಟಿನ್ ಅಮೆರಿಕದಲ್ಲಿ ಅಲ್ಲೂ ‘ಎಸ್ತಾನ್’ ಸಾಕು. ಒತ್ತು ‘ತಾ’ ಮೇಲೆ ಬೀಳಲಿ. ‘ಎ’ ಮೇಲೆ ಬಿದ್ದರೆ ಅದು ಕ್ರಿಯಾಪದವೇ ಅಲ್ಲ, ‘ಈ’ ಅನ್ನುವ ಸ್ತ್ರೀಲಿಂಗ ಪದ. ‘ಸೇರ್’ನ ಸೋಯ್, ಎರೆಸ್, ಎಸ್, ಸೋಮೋಸ್, ಸೋಇಸ್, ಸೋನ್‌ಗಳಲ್ಲಿ ನಿಯಮ ಹುಡುಕಬೇಡಿ, ಮಗ್ಗಿಯ ಹಾಗೆ ಬಾಯಿಪಾಠ ಮಾಡಿ.

ಈಗ ಆ ಸೂತ್ರದ ವಿಚಾರ. ಸಾವಿಗಿಂತ ಶಾಶ್ವತವಾದದ್ದು ಏನಿದೆ ಹೇಳಿ? ಆದರೂ ತಾತ ತೀರಿಹೋಗಿದ್ದರೆ ‘ಮಿ ಆಬುವೇಲೊ ಎಸ್ತಾ ಮುವೆರ್ತೊ’. ಮಾದ್ರಿದ್ ನಾಳೆ ಸ್ಪೇನ್ ಬಿಟ್ಟು ಹೊರಡುವುದಿಲ್ಲ, ಆದರೂ ‘ಮಾದ್ರಿದ್ ಎಸ್ತಾ ಎನ್ ಎಸ್ಪಾನ್ಯ’. ಅತ್ತ ಗಡಿಯಾರದಲ್ಲಿ ಒಂದು ಗಂಟೆ ನೋಡನೋಡುತ್ತ ಜಾರಿಹೋಗುತ್ತದೆ, ಅದಕ್ಕೆ ‘ಎಸ್ ಲಾ ಊನ’! ಮೂರು ವಾಕ್ಯ ಮುಗಿಯುವುದರೊಳಗೆ ಸೂತ್ರ ಮಕಾಡೆ ಮಲಗಿತು. ಆದರೂ ಪ್ರತಿ ಹೊಸ ಬ್ಯಾಚ್‌ನಲ್ಲಿ ಯಾರಾದರೊಬ್ಬರು ಅದನ್ನೇ ಹೊತ್ತು ತರುತ್ತಾರೆ.

ಎರಡಕ್ಕೂ ಒಂದೇ ‘ಈಸ್’ ಇರುವ ಇಂಗ್ಲಿಷಿನವರಿಗೆ ಇಂಥ ಊರುಗೋಲು ಬೇಕಾಯಿತೇನೋ. ನಮಗೇಕೆ? ‘ಮದುವೆ ಎಲ್ಲಿ?’ ಅಂತೀವಿ, ‘ಛತ್ರ ಎಲ್ಲಿದೆ?’ ಅಂತೀವಿ. ಸ್ಪ್ಯಾನಿಷ್‌ನವರೂ ಮದುವೆಗೆ ‘ದೋಂದೆ ಎಸ್’, ಛತ್ರಕ್ಕೆ ‘ದೋಂದೆ ಎಸ್ತಾ’ ಅನ್ನುತ್ತಾರೆ. ‘ಅವರು ಮೇಷ್ಟ್ರು’ ಅನ್ನುವಾಗ ನಮಗೆ ಕ್ರಿಯಾಪದವೇ ಬೇಡ, ಅಲ್ಲಿ ‘ಸೇರ್’. ‘ಅವರು ಶಾಲೆಯಲ್ಲಿದ್ದಾರೆ’, ‘ಕಾಫಿ ಬಿಸಿಯಾಗಿದೆ’ ಅನ್ನುವಲ್ಲಿ ‘ಎಸ್ತಾರ್’. ‘ಅವಳು ಎತ್ತರ ಇದ್ದಾಳೆ’ ಅನ್ನುವಾಗ ಈ ಉಪಾಯ ಕೈಕೊಡುತ್ತದೆ, ಒಪ್ಪಿದೆ; ಅಲ್ಲಿ ‘ಎಸ್’ ಬೇಕು. ಆದರೂ ಆ ಸೂತ್ರಕ್ಕಿಂತ ವಾಸಿ.

ಇನ್ನೂ ಗಟ್ಟಿ ಹಿಡಿತ ಬೇಕಿದ್ದರೆ ಬೇರನ್ನೇ ನೋಡಿ. ‘ಎಸ್ತಾರ್’ ಬಂದದ್ದು ‘ನಿಲ್ಲು’ ಅನ್ನುವ ಲ್ಯಾಟಿನ್ ಧಾತುವಿನಿಂದ. ಸಂಸ್ಕೃತದ ‘ಸ್ಥಾ’ ಅದರ ಬಂಧು. ಸ್ಥಾನ, ಸ್ಥಿತಿ ಎರಡೂ ಹುಟ್ಟಿದ್ದು ಆ ‘ಸ್ಥಾ’ದಿಂದಲೇ, ‘ಎಸ್ತಾರ್’ನ ಮುಖ್ಯ ಕೆಲಸಗಳೂ ಆ ಎರಡೇ. ಮಾದ್ರಿದ್‌ನದು ಸ್ಥಾನ, ತಾತನದು ಸ್ಥಿತಿ. ‘ಎಲ್ ಮಾಂಗೊ ಎಸ್ ವೆರ್ದೆ’ ಅಂದರೆ ಆ ಮಾವಿನ ಬಣ್ಣವೇ ಹಸಿರು. ‘ಎಸ್ತಾ ವೆರ್ದೆ’ ಅಂದರೆ ಇನ್ನೂ ಕಾಯಿ, ಕಚ್ಚಬೇಡಿ.

ಹಣ್ಣಿನ ಮಾತು ಬಂತಲ್ಲ, ನೀವು ಕೇಳದಿದ್ದರೂ ‘ಗುಸ್ತಾರ್’ ಬಗ್ಗೆ ಹೇಳಿಬಿಡುತ್ತೇನೆ. ‘ಮೆ’ ಅಂದರೆ ಇಲ್ಲಿ ‘ನನಗೆ’. ‘ಮೆ ಗುಸ್ತಾ ಎಲ್ ಕಫೆ’ ಅಂದರೆ ನನಗೆ ಕಾಫಿ ಹಿಡಿಸುತ್ತದೆ. ‘ಮೆ ಗುಸ್ತಾನ್ ಲೋಸ್ ಮಾಂಗೋಸ್’ ಅಂದರೆ ನನಗೆ ಮಾವಿನಹಣ್ಣುಗಳು ಹಿಡಿಸುತ್ತವೆ. ಕ್ರಿಯಾಪದ ನಮ್ಮಲ್ಲಿ ಹೇಗೋ ಅಲ್ಲೂ ಹಾಗೇ, ಹಣ್ಣಿನ ಹಿಂದೆ ಹೋಗುತ್ತದೆ, ನನ್ನ ಹಿಂದೆ ಅಲ್ಲ. ಆದರೂ ‘ನಾನು’ ಅನ್ನುವ ‘ಯೊ’ ಹಚ್ಚಿ ‘ಯೊ ಗುಸ್ತೊ’ ಅಂತ ಬರೆದು ತರುವವರಿದ್ದಾರೆ. ಅವರ ನೋಟ್‌ಬುಕ್ ತೆರೆದು ನೋಡಿದರೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಸಣ್ಣಗೆ ‘ಐ ಲೈಕ್’ ಅಂತ ಇರುತ್ತದೆ.