ಸರ್ವರ್‌ಗೆ ಛಾವಣಿ ಎಲ್ಲಿದೆ?

2021ರ ನವೆಂಬರ್ 9ರಂದು ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಸರ್ವರ್‌ಗಳೊಳಗೆ ಯಾರೋ ನುಸುಳಿದರು. ಅದು ಪತ್ತೆಯಾಗಿದ್ದು ಮರುವರ್ಷ ಜನವರಿ 18ಕ್ಕೆ. ಅಲ್ಲಿದ್ದದ್ದು ಹಣದ ಲೆಕ್ಕವಲ್ಲ. ಯುದ್ಧ, ವಲಸೆ, ವಿಕೋಪಗಳಲ್ಲಿ ಮನೆಯವರಿಂದ ಬೇರ್ಪಟ್ಟವರ, ಸೆರೆಯಲ್ಲಿದ್ದವರ ವಿವರ. ಒಟ್ಟು 5,15,000ಕ್ಕೂ ಹೆಚ್ಚು ಜನ. ತಂತ್ರಾಂಶದ ಲೋಪ ಮುಚ್ಚುವ ಒಂದು ತೇಪೆ, ಭದ್ರತಾ ಪ್ಯಾಚ್, ಹಾಕುವುದು ತಡವಾಗಿತ್ತು.

ಬೇರ್ಪಟ್ಟವರನ್ನು ಹುಡುಕಿಕೊಡುವ ಸಮಿತಿಯ ಈ ಕೆಲಸ ಹಳೆಯದು. ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಜಿನೀವಾದ ರಾತ್ ಮ್ಯೂಸಿಯಂನಲ್ಲಿ ಸ್ವಯಂಸೇವಕರು ಕೂತು ಕಾರ್ಡು ಬರೆಯತೊಡಗಿದರು. ತಾಯಿಯ ಪತ್ರ ಬಂದರೆ ಒಂದು ಕಾರ್ಡು, ಸೆರೆಶಿಬಿರದ ಪಟ್ಟಿ ಬಂದರೆ ಇನ್ನೊಂದು. ಒಂದೇ ಹೆಸರಿನ ಎರಡು ಕಾರ್ಡು ಪೆಟ್ಟಿಗೆಯಲ್ಲಿ ಜೊತೆಯಾದರೆ ಮಗನ ಸುಳಿವು ಸಿಕ್ಕಂತೆ. ಹಾಗೆ ಸುಮಾರು 70 ಲಕ್ಷ ಕಾರ್ಡುಗಳಾದವು. ಅವನ್ನು ಕದಿಯುವವರು ಗಾಡಿಗಟ್ಟಲೆ ಹೊರಬೇಕಿತ್ತು. ಈಗ ಬಾಗಿಲಿಗೆ ಬರುವ ಅಗತ್ಯವೂ ಇಲ್ಲ.

ಯುದ್ಧದಲ್ಲೂ ಆಸ್ಪತ್ರೆಯ ಮೇಲೆ ದಾಳಿ ಮಾಡುವಂತಿಲ್ಲ; ಅದರ ಛಾವಣಿಗೆ ರೆಡ್ ಕ್ರಾಸ್‌ನ ಕೆಂಪು ಗುರುತು ಬಳಿದರೆ ವಿಮಾನದಿಂದ ಕಾಣುತ್ತದೆ. ಸರ್ವರ್‌ಗೆ ಅಂಥ ಛಾವಣಿಯಿಲ್ಲ. ಆದ್ದರಿಂದಲೇ ಸಮಿತಿ 2020ರಿಂದ, ಅದೇ ಗುರುತನ್ನು ಕಂಪ್ಯೂಟರ್ ಜಾಲದಲ್ಲಿ ತೋರಿಸುವ ‘ಡಿಜಿಟಲ್ ಲಾಂಛನ’ದ ಬೆನ್ನು ಹತ್ತಿದೆ.

“ಗುರುತು ನೋಡಿ ಕಳ್ಳ ವಾಪಸ್ ಹೋಗ್ತಾನಾ?” ಎಂದು ಕೇಳುವವರು ಬಹಳ. ಲಾಂಛನ ಬೀಗವಲ್ಲ, ಮನೆ ಮುಂದಿನ ದೃಷ್ಟಿಬೊಂಬೆಯೂ ಅಲ್ಲ. ಅದಕ್ಕೆ ತನ್ನದೇ ಶಕ್ತಿಯಿಲ್ಲ. ಕಾಯುವುದು ಕಾನೂನು, ಗುರುತು ಇಲ್ಲದಿದ್ದರೂ ಕಾಯುತ್ತದೆ. ಆದರೆ ಯುದ್ಧದ ನಿಯಮಕ್ಕೆ ಬದ್ಧವಾದ ಸೈನ್ಯದ ಸೈಬರ್ ಪಡೆಗೆ, ಎದುರಿಗಿರುವ ನೂರಾರು ವಿಳಾಸಗಳಲ್ಲಿ ಆಸ್ಪತ್ರೆಯದು ಯಾವುದೆಂದು ತಿಳಿಯಬೇಕಲ್ಲ? ಗುರುತಿದ್ದರೆ “ಗೊತ್ತಿರಲಿಲ್ಲ” ಎಂಬ ನೆಪ ನಡೆಯದು.

ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇನ್ನೊಂದು ತೊಡಕು. ದಾಳಿಗೆ ಹೊರಟವನು ಗುರುತು ನೋಡಲು ಬಂದದ್ದೇ ಸುಳಿವಾಗಿ ಸಿಕ್ಕಿಬೀಳುವಂತಿದ್ದರೆ, ಅವನು ನೋಡುವುದೇ ಇಲ್ಲ. ಹಾಗಾಗಿ ನೋಡಿದ್ದು ಯಾರಿಗೂ ತಿಳಿಯಬಾರದು! ಬಾಗಿಲ ತೋರಣ ನೋಡಲು ಕದ ತಟ್ಟಬೇಕಿಲ್ಲ; ಬೀದಿಯಲ್ಲಿ ಹೋಗುವವರಿಗೆಲ್ಲ ಅದು ಕಾಣುತ್ತದೆ, ಯಾರು ಕಣ್ಣೆತ್ತಿದರೆಂದು ಮನೆಯವರಿಗೆ ತಿಳಿಯದು. ಜೂರಿಚ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ ಲಾಂಛನದ ವಿನ್ಯಾಸದಲ್ಲೂ ಇದೇ ಯೋಚನೆ. ಸರ್ವರ್ ತನ್ನ ಜೊತೆ ವ್ಯವಹರಿಸುವ ಎಲ್ಲರಿಗೂ, ಕೇಳದಿದ್ದರೂ, ಲಾಂಛನ ಕೊಡುತ್ತದೆ. ಜಾಲತಾಣದ ಹೆಸರನ್ನು ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್‌ನಲ್ಲೂ ಅದನ್ನು ಇಡಬಹುದು. ದಿನವಿಡೀ ಸಾವಿರಾರು ಜನ ವಿಳಾಸ ಕೇಳುವ ಜಾಗ ಅದು. ಸಂತೆಯಲ್ಲಿ ಬೆಲೆ ವಿಚಾರಿಸಿದವನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಹಾಗಾದರೆ ಶಸ್ತ್ರಾಗಾರದವರೂ ಈ ತೋರಣ ಕಟ್ಟಿಕೊಂಡರೆ? ಅದಕ್ಕೇ ಡಿಜಿಟಲ್ ಸಹಿ. ಹಿಂದೆ ರಾಜಮುದ್ರೆಯ ಉಂಗುರ ಒಬ್ಬನ ಬೆರಳಲ್ಲಿರುತ್ತಿತ್ತು, ಅಚ್ಚನ್ನು ಗುರುತಿಸಲು ಊರಿಗೆಲ್ಲ ಬರುತ್ತಿತ್ತು. ಇಲ್ಲಿ ಗುಪ್ತ ಕೀಲಿ ಉಂಗುರ, ಬಹಿರಂಗ ಕೀಲಿ ಆ ಗುರುತಿಸುವ ಕಣ್ಣು. ಲಾಂಛನ ಕೊಡುವ ಸಂಸ್ಥೆಯ ಕೀಲಿಗೆ ಸರ್ಕಾರಗಳೋ ರೆಡ್ ಕ್ರಾಸ್ ಸಮಿತಿಯೋ ಸಾಕ್ಷಿ ಹಾಕುತ್ತವೆ. ಯಾರ ಸಾಕ್ಷಿ ನಂಬಬೇಕೆಂಬುದು ನೋಡುವವನ ಆಯ್ಕೆ, ಏಕೆಂದರೆ ಯುದ್ಧದಲ್ಲಿ ಶತ್ರುವಿನ ಮುದ್ರೆಯನ್ನು ಯಾರೂ ಹಾಗೆಯೇ ಒಪ್ಪುವುದಿಲ್ಲ.

ಸಹಿಗೆ ಅವಧಿಯೂ ಇರುತ್ತದೆ. ಡೇರೆ ಎತ್ತಿದ ದಿನ ಬಾವುಟ ಇಳಿಸುವಂತೆ, ಅವಧಿ ಮುಗಿದ ಲಾಂಛನ ತಾನಾಗಿಯೇ ಸತ್ವ ಕಳೆದುಕೊಳ್ಳುತ್ತದೆ. ಆಸ್ಪತ್ರೆ ಬಿಟ್ಟುಹೋದ ವಿಳಾಸದಲ್ಲಿ ನಾಳೆ ಬೇರೆ ಯಾರಾದರೂ ಬಂದು ಕೂರಬಹುದು.