ತಪ್ಪುಗಳನ್ನು ಓದುವವರು

ಮೇಜಿನ ಮೇಲೆ ಕಳೆಯುವ ಲೆಕ್ಕದ ಎರಡು ಹಾಳೆಗಳಿವೆ. ಎರಡರಲ್ಲೂ ಹತ್ತು ಲೆಕ್ಕ, ಎರಡಕ್ಕೂ ಸಿಕ್ಕಿರುವುದು ನಾಲ್ಕು ಅಂಕ. ಅಂಕಪಟ್ಟಿಗೆ ಈ ಇಬ್ಬರು ಮಕ್ಕಳ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ವಿಶೇಷ ಶಿಕ್ಷಕಿ ಅಂಕ ನೋಡುವುದನ್ನು ಬಿಟ್ಟು, ತಪ್ಪುಗಳ ಮೇಲೆ ಬೆರಳಿಟ್ಟು ಒಂದೊಂದನ್ನೇ ಓದತೊಡಗುತ್ತಾರೆ.

ಮೊದಲ ಹಾಳೆಯಲ್ಲಿ 42ರಲ್ಲಿ 17 ಕಳೆದರೆ 35 ಎಂದು ಬರೆದಿದೆ. 63ರಲ್ಲಿ 28 ಕಳೆದರೆ 45. 81ರಲ್ಲಿ 36 ಕಳೆದರೆ 55. ಎರಡರಿಂದ ಏಳನ್ನು ಕಳೆಯಲಾಗದೆ ಈ ಮಗು ಏಳರಿಂದ ಎರಡನ್ನು ಕಳೆದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಯಾವಾಗಲೋ ಕೇಳಿಸಿಕೊಂಡದ್ದನ್ನು ಹಾಳೆಯುದ್ದಕ್ಕೂ ಒಂದಿಷ್ಟೂ ತಪ್ಪದೆ ಪಾಲಿಸಿದೆ. ಸರಿಯಾಗಿರುವ ನಾಲ್ಕೂ ಲೆಕ್ಕಗಳು ದಶಕ ತೆಗೆದುಕೊಳ್ಳುವ ಅಗತ್ಯವೇ ಇಲ್ಲದವು. ಎರಡನೆಯ ಹಾಳೆಯ ಕಥೆ ಬೇರೆ. ಮೊದಲ ನಾಲ್ಕು ಲೆಕ್ಕ, ದಶಕ ತೆಗೆದುಕೊಳ್ಳಬೇಕಾದವೂ ಸೇರಿ, ಅಚ್ಚುಕಟ್ಟಾಗಿ ಸರಿ. ಐದನೆಯದರಲ್ಲಿ ಕಳೆಯುವ ಬದಲು ಕೂಡಿದೆ: 54, 29, ಉತ್ತರ 83. ಆರನೆಯದರಲ್ಲಿ 71 ಇದ್ದದ್ದು ನಕಲು ಮಾಡುವಾಗ 17 ಆಗಿದೆ. ಅಲ್ಲಿಂದ ಮುಂದೆ ಖಾಲಿ. ಅಂಚಿನಲ್ಲಿ ಒಂದು ಸೈಕಲ್ಲಿನ ಚಿತ್ರ, ಚಕ್ರದ ಕಡ್ಡಿಗಳನ್ನೂ ಬಿಡದೆ ಬಿಡಿಸಿದ್ದು.

ಮೊದಲ ಮಗುವಿಗೆ ಸ್ಥಾನಬೆಲೆ ತಿಳಿದಿಲ್ಲ. ಎರಡನೆಯ ಮಗುವಿಗೆ ಲೆಕ್ಕ ತಿಳಿದಿದೆ, ನಾಲ್ಕನೆಯದರ ನಂತರ ಗಮನ ಕೈಜಾರಿದೆ. ಇಬ್ಬರಿಗೂ ‘ಹತ್ತು ಸಲ ಬರೆದುಕೊಂಡು ಬಾ’ ಎಂದರೆ ಒಂದು ಮಗು ತನ್ನ ತಪ್ಪು ನಿಯಮವನ್ನು ಹತ್ತು ಸಲ ಗಟ್ಟಿ ಮಾಡಿಕೊಳ್ಳುತ್ತದೆ, ಇನ್ನೊಂದು ಮೂರನೆಯ ಸಲಕ್ಕೆ ಎದ್ದು ಹೋಗುತ್ತದೆ. ಆಮೇಲೆ ಇಬ್ಬರಿಗೂ ಒಂದೇ ಹೆಸರು ಅಂಟುತ್ತದೆ: ಸೋಮಾರಿ. ಗಮನದ ತೊಂದರೆ, ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ನೆರವಾಗುವ ವೃತ್ತಿಪರರು ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಇತರರು ಎಣಿಸಿ ಬಿಟ್ಟ ತಪ್ಪುಗಳನ್ನು ಅವರು ಓದುತ್ತಾರೆ.

ಈ ಓದು ಶುರುವಾಗಿ ನೂರು ವರ್ಷ ದಾಟಿತು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಹುಡುಗನೊಬ್ಬನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಹುಡುಗನ ಹೆಸರು ಪರ್ಸಿ. ಚುರುಕು, ಆಟದಲ್ಲಿ ಮುಂದು, ಮೂರಂಕಿ ಸಂಖ್ಯೆಗಳ ಗುಣಾಕಾರ ಸಲೀಸು. ಓದು ಮಾತ್ರ ಬಾರದು. ತನ್ನ ಹೆಸರನ್ನೇ ‘ಪ್ರೆಸಿ’ ಎಂಬಂತೆ ಅಕ್ಷರ ಅದಲುಬದಲು ಮಾಡಿ ಬರೆದಿದ್ದ. ಒಂದಕ್ಕಿಂತ ಹೆಚ್ಚು ಸಲ ತೋರಿಸಿಕೊಡುವವರೆಗೆ ಅದು ತಪ್ಪೆಂದು ಅವನಿಗೆ ಕಾಣಲೇ ಇಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಶಾಲೆಯ ಅತಿ ಜಾಣ ಹುಡುಗ ಇವನೇ ಆಗಿರುತ್ತಿದ್ದ ಎಂದು ಅವನ ಶಿಕ್ಷಕರು ಹೇಳಿದ್ದನ್ನೂ ಮಾರ್ಗನ್ ದಾಖಲಿಸಿದ್ದಾರೆ. ಅದೇ ವರ್ಷ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೈಟ್ನರ್ ವಿಟ್ಮರ್ ಜಗತ್ತಿನ ಮೊದಲ ಮನಶ್ಶಾಸ್ತ್ರೀಯ ಚಿಕಿತ್ಸಾಲಯ ತೆರೆದರು. ಅಲ್ಲಿಗೆ ಬಂದ ಮೊದಲ ಮಗುವೂ ಕಾಗುಣಿತ ತಪ್ಪುವ ಹುಡುಗನೇ. ಕರೆತಂದವರು ಅವನ ಶಿಕ್ಷಕಿ ಮಾರ್ಗರೆಟ್ ಮಗ್ವಾಯರ್. ವಿಟ್ಮರ್ ಮೊದಲು ಪರೀಕ್ಷೆ ಮಾಡಿಸಿದ್ದು ಹುಡುಗನ ಕಣ್ಣನ್ನು. ದೃಷ್ಟಿದೋಷವಿತ್ತು, ಕನ್ನಡಕ ಬಂತು, ಸ್ವಲ್ಪ ಸುಧಾರಣೆಯಾಯಿತು. ಉಳಿದ ತೊಂದರೆಗೆ ಪಾಠವೇ ಮದ್ದಾಯಿತು. ಒಬ್ಬ ಶಿಕ್ಷಕಿಯ ಅನುಮಾನ, ಕಣ್ಣಿನ ತಪಾಸಣೆ, ಮನಶ್ಶಾಸ್ತ್ರಜ್ಞನ ಪರೀಕ್ಷೆ, ಆಮೇಲೆ ತಾಳ್ಮೆಯ ಪಾಠ. ಇಂದಿಗೂ ಒಳ್ಳೆಯ ತಂಡಗಳು ನಡೆಯುವುದು ಹೆಚ್ಚುಕಡಿಮೆ ಇದೇ ದಾರಿಯಲ್ಲಿ.

ಕಣ್ಣು ಕಿವಿ ಮೊದಲು ಎಂಬ ಈ ಕ್ರಮವನ್ನು ಅವಸರದಲ್ಲಿ ದಾಟುವವರಿದ್ದಾರೆ, ದಾಟಬಾರದು. ನಡುಗಿವಿಯಲ್ಲಿ ದ್ರವ ತುಂಬಿಕೊಂಡ ಮಗುವಿಗೆ ಪಾಠ ನೀರಿನೊಳಗಿಂದ ಕೇಳಿದಂತೆ ಮಸುಕಾಗಿ ಕೇಳಿಸುತ್ತದೆ. ಅದು ಕಿಟಕಿಯತ್ತ ತಿರುಗಿದರೆ ‘ಗಮನವಿಲ್ಲ’ ಎನ್ನುತ್ತೇವೆ. ಮೂಗಿನ ಹಿಂದಿನ ಅಡೆನಾಯ್ಡ್ ಅಥವಾ ಗಂಟಲಿನ ಟಾನ್ಸಿಲ್ ದಪ್ಪಗಾಗಿ ರಾತ್ರಿಯೆಲ್ಲ ಗೊರಕೆ ಹೊಡೆಯುತ್ತ, ಉಸಿರು ತಡೆತಡೆದು ಮಲಗುವ ಮಗು ಹಗಲಿನಲ್ಲಿ ತೂಕಡಿಸದೆ ಚಡಪಡಿಸುವುದುಂಟು. ಇನ್ನೊಂದು, ನನ್ನನ್ನು ಹೆಚ್ಚು ಕಾಡುವುದು: ‘ಆಬ್ಸೆನ್ಸ್’ ಎಂಬ ಬಗೆಯ ಮೂರ್ಛೆರೋಗ. ಮಗು ಬೀಳುವುದಿಲ್ಲ, ಕೈಕಾಲು ಸೆಟೆಯುವುದಿಲ್ಲ. ಕೆಲವೇ ಸೆಕೆಂಡುಗಳ ಕಾಲ ನೋಟ ನಿಂತುಬಿಡುತ್ತದೆ, ಆಮೇಲೆ ಏನೂ ಆಗದವರಂತೆ ಮುಂದುವರಿಯುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಪಾಠದಲ್ಲಿ ಹತ್ತಾರು ತೂತುಗಳು. ಕರೆದರೆ, ಭುಜ ತಟ್ಟಿದರೆ ಎಚ್ಚೆತ್ತುಕೊಳ್ಳುವುದು ಹಗಲುಗನಸು. ತಟ್ಟಿದರೂ ಆ ಕೆಲವು ಸೆಕೆಂಡು ಮಗು ಮರಳದಿದ್ದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಮಾಡಿಸಬೇಕು. ಇದಕ್ಕೆ ಒಳ್ಳೆಯ ಔಷಧಗಳಿವೆ. ಇಂಥ ಮಗುವನ್ನು ವರ್ಷಗಟ್ಟಲೆ ಗದರಿಸುತ್ತ ಬಂದ ಮೇಲೆ ಕಾರಣ ತಿಳಿದ ಹೆತ್ತವರ ಮುಖವನ್ನು ನೋಡುವುದು ಕಷ್ಟ.

ಇವೆಲ್ಲ ಇಲ್ಲವೆಂದಾದ ಮೇಲೆ ಎಡಿಎಚ್‌ಡಿಯ, ಎಂದರೆ ಗಮನ ನಿಲ್ಲದ ಅಥವಾ ಚಡಪಡಿಕೆ ಮೀರಿದ ತೊಂದರೆಯ, ಪ್ರಶ್ನೆ. ಇದನ್ನು ಪತ್ತೆ ಹಚ್ಚುವ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನ್ ಇಲ್ಲ. ಮಕ್ಕಳ ಮನೋವೈದ್ಯರು ಅಥವಾ ಬೆಳವಣಿಗೆಯ ವಿಷಯದಲ್ಲಿ ಪರಿಣತಿ ಪಡೆದ ಮಕ್ಕಳ ವೈದ್ಯರು ಮನೆಯವರನ್ನೂ ಶಾಲೆಯವರನ್ನೂ ಬೇರೆಬೇರೆಯಾಗಿ ಕೇಳಿ ತಿಳಿಯಬೇಕು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ 2013ರ ಆವೃತ್ತಿಯ ಪ್ರಕಾರ, ಗಮನದ ಒಂಬತ್ತು ಲಕ್ಷಣಗಳಲ್ಲಿ ಅಥವಾ ಚಡಪಡಿಕೆ ಮತ್ತು ದುಡುಕಿನ ಒಂಬತ್ತರಲ್ಲಿ ಕನಿಷ್ಠ ಆರು ಮಗುವಿನಲ್ಲಿ ಆರು ತಿಂಗಳಾದರೂ ಕಾಣಿಸಿಕೊಂಡಿರಬೇಕು, ಹಲವು ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಇದ್ದಿರಬೇಕು, ಅವು ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ಈ ಕೊನೆಯ ಮಾತು ಮುಖ್ಯ. ಮನೆಯಲ್ಲಿ ನೆಮ್ಮದಿಯಾಗಿದ್ದು ಒಂದೇ ತರಗತಿಯಲ್ಲಿ ಮಾತ್ರ ಚಡಪಡಿಸುವ ಮಗುವಿದ್ದರೆ, ಮೊದಲು ನೋಡಬೇಕಾದದ್ದು ಆ ತರಗತಿಯನ್ನು.

‘ಮೊಬೈಲ್ ಆಟ ಕೊಟ್ಟರೆ ಗಂಟೆಗಟ್ಟಲೆ ಕೂರುತ್ತಾನೆ, ಪುಸ್ತಕ ಕಂಡರೆ ಮಾತ್ರ ಗಮನವಿಲ್ಲ’ ಎಂಬ ದೂರು ಪ್ರತಿ ವೈದ್ಯರ ಕೋಣೆಯಲ್ಲೂ ಕೇಳಿಬರುತ್ತದೆ. ಹೆತ್ತವರು ಸುಳ್ಳು ಹೇಳುತ್ತಿಲ್ಲ, ಹುಡುಗನೂ ನಟಿಸುತ್ತಿಲ್ಲ. ಆಟ ಕ್ಷಣಕ್ಷಣಕ್ಕೂ ಬಹುಮಾನ ಕೊಡುತ್ತದೆ; ಪಾಠದ ಬಹುಮಾನ ತಿಂಗಳುಗಳಾಚೆ ಇದೆ. ಬೇಕಾದ ಕಡೆ ಗಮನವನ್ನು ತಿರುಗಿಸಿ, ಬೇಸರವಾದರೂ ಅಲ್ಲೇ ಹಿಡಿದಿಡುವ ಲಗಾಮು ಈ ಮಕ್ಕಳಲ್ಲಿ ಸಡಿಲ. ಆ ಲಗಾಮು ಹಿಡಿಯುವ ಹೊಣೆಯಲ್ಲಿ ಹಣೆಯ ಹಿಂದಿನ ಮಿದುಳಿನ ಪಾಲು ದೊಡ್ಡದು. ಮಿದುಳಿನ ಹೊರಪದರ ಬೆಳೆಯುವ ಮಕ್ಕಳಲ್ಲಿ ದಪ್ಪವಾಗುತ್ತ ಹೋಗಿ, ಒಂದು ಗರಿಷ್ಠ ಮಟ್ಟ ತಲುಪಿ, ಆಮೇಲೆ ತೆಳುವಾಗುತ್ತದೆ. ಆ ಗರಿಷ್ಠ ಮಟ್ಟ ಇತರ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ ಬಂದರೆ ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸುಮಾರು ಹತ್ತೂವರೆಗೆ ಬರುತ್ತದೆ, ಅತಿ ಹೆಚ್ಚಿನ ವಿಳಂಬ ಹಣೆಯ ಹಿಂದಿನ ಭಾಗದಲ್ಲೇ ಎಂದು 2007ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಇದು ಸರಾಸರಿಯ ಮಾತು. ಒಂದೊಂದು ಮಗುವನ್ನು ಇದರಿಂದ ಅಳೆಯಲಾಗದು. ಆದರೂ ಹತ್ತು ವರ್ಷದ ಹುಡುಗನಿಂದ ಹತ್ತು ವರ್ಷದ ಸಂಯಮವನ್ನೇ ಬಯಸುವಾಗ ಒಂದು ಕ್ಷಣ ಇದನ್ನು ನೆನೆಯಬೇಕು.

ಔಷಧದ ವಿಷಯದಲ್ಲಿ ಹೆತ್ತವರ ಅಂಜಿಕೆ ನನಗೆ ಅರ್ಥವಾಗುತ್ತದೆ. 1937ರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ಅಮೆರಿಕದ ವೈದ್ಯರು ಮೂವತ್ತು ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಕೊಟ್ಟಾಗ, ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಶಾಲೆಯ ಕೆಲಸದಲ್ಲಿ ಎದ್ದುಕಾಣುವಂತೆ ಸುಧಾರಿಸಿದರು. ಉತ್ತೇಜಕ ಕೊಟ್ಟರೆ ಚಂಚಲ ಮಗು ನೆಲೆ ನಿಲ್ಲುವುದು ಆಗ ಒಗಟಾಗಿತ್ತು. ಇಂದು ಹೆಚ್ಚು ಬಳಕೆಯಲ್ಲಿರುವ ಮಿಥೈಲ್‌ಫೆನಿಡೇಟ್, ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೀನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಗ ಕರಗಿಹೋಗದಂತೆ ತಡೆದು ಆ ಸಡಿಲ ಲಗಾಮನ್ನು ಬಿಗಿಗೊಳಿಸುತ್ತದೆ. ಹಸಿವು ತಗ್ಗಬಹುದು, ನಿದ್ದೆ ದೂರವಾಗಬಹುದು. ಆದ್ದರಿಂದ ಎತ್ತರ, ತೂಕ, ರಕ್ತದೊತ್ತಡಗಳ ಮೇಲೆ ಕಣ್ಣಿಡಬೇಕು. ಆದರೆ ನಿಜವಾದ ಪಾಠ ಗುಳಿಗೆಯಲ್ಲಿಲ್ಲ. ಅಮೆರಿಕದಲ್ಲಿ 579 ಮಕ್ಕಳ ಮೇಲೆ ಹದಿನಾಲ್ಕು ತಿಂಗಳು ನಡೆದು 1999ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹೊರಗಿನ ಮಾಮೂಲಿ ಚಿಕಿತ್ಸೆಗೆ ಬಿಟ್ಟ ಮಕ್ಕಳಲ್ಲೂ ಮೂರನೇ ಎರಡು ಪಾಲು ಔಷಧ ತೆಗೆದುಕೊಳ್ಳುತ್ತಿದ್ದರು. ಆದರೂ ತಿಂಗಳಿಗೊಮ್ಮೆ ಕರೆದು, ಶಿಕ್ಷಕರ ಮಾತು ಕೇಳಿ, ಪ್ರಮಾಣ ಸರಿಹೊಂದಿಸಿದ ಗುಂಪಿನ ಮಕ್ಕಳು ಅವರಿಗಿಂತ ಹೆಚ್ಚು ಸುಧಾರಿಸಿದರು. ಔಷಧದ ಜತೆಗೆ ನಡವಳಿಕೆಯ ತರಬೇತಿಯನ್ನೂ ಪಡೆದವರಿಗೆ ಕಡಿಮೆ ಪ್ರಮಾಣವೇ ಸಾಕಾಯಿತು. ಅಧ್ಯಯನ ಮುಗಿದು ಆ ನಿಗಾ ನಿಂತ ಮೇಲೆ, ಮೂರನೇ ವರ್ಷದ ಹೊತ್ತಿಗೆ, ಗುಂಪುಗಳ ನಡುವಿನ ಅಂತರ ಕರಗಿಹೋಯಿತು. ಚೀಟಿ ಬರೆದುಕೊಟ್ಟು ಆರು ತಿಂಗಳು ಮಗುವಿನ ಮುಖ ನೋಡದ ವೈದ್ಯರು ತಮ್ಮ ಕೆಲಸವನ್ನು ಅರ್ಧಕ್ಕೇ ಬಿಟ್ಟಿದ್ದಾರೆ ಎಂದೇ ನಾನು ಹೇಳುತ್ತೇನೆ.

ಇನ್ನು ಓದು. ಓದು ಬರಹ ಕಲಿಯಲು ತೊಡಕಾಗುವ ಡಿಸ್ಲೆಕ್ಸಿಯಾಗೆ ಔಷಧವೇ ಇಲ್ಲ. ಮಾತು ಮನುಷ್ಯನಿಗೆ ತಾನಾಗಿ ಬರುತ್ತದೆ. ಬರಹಕ್ಕೆ ಐದು ಸಾವಿರ ವರ್ಷಗಳಷ್ಟೇ ವಯಸ್ಸು. ಓದಿಗೆಂದೇ ಮೀಸಲಾದ ಜಾಗವನ್ನು ಮಿದುಳು ಹುಟ್ಟಿನಿಂದ ತಂದಿರುವುದಿಲ್ಲ, ನೋಟದ ಜಾಲವನ್ನೂ ಮಾತಿನ ಜಾಲವನ್ನೂ ಹೊಸದಾಗಿ ಹೆಣೆದುಕೊಳ್ಳುತ್ತದೆ. ಹೆಣಿಗೆ ತೊಡಕಾಗುವುದು ಬಹುಮಟ್ಟಿಗೆ ಧ್ವನಿಯ ಕಡೆಯಿಂದ: ಕೇಳಿದ ಪದವನ್ನು ಅದರ ಧ್ವನಿಗಳಾಗಿ ಬಿಡಿಸಿ, ಪ್ರತಿಯೊಂದನ್ನೂ ಗುರುತಿಗೆ ಜೋಡಿಸುವ ಕೆಲಸದಲ್ಲಿ.

ಒಮ್ಮೆ ವಿಶೇಷ ಶಿಕ್ಷಕಿಯೊಬ್ಬರ ಪಕ್ಕದಲ್ಲಿ ಕುಳಿತು ಒಂಬತ್ತು ವರ್ಷದ ಹುಡುಗನ ಉಕ್ತಲೇಖನ ನೋಡಿದ್ದೆ. ಹಕ್ಕಿ ‘ಹಕಿ’ ಆಗಿತ್ತು, ಅಜ್ಜಿ ‘ಅಜಿ’, ಕತ್ತಲೆ ‘ಕತಲೆ’. ‘ಧನ’ಕ್ಕೆ ‘ದನ’ ಎಂದೂ ಬರೆದಿದ್ದ. ಕೊನೆಯದನ್ನು ಅವರು ಬದಿಗಿಟ್ಟರು. ಮಾತಿನಲ್ಲಿ ಮಹಾಪ್ರಾಣ ತೇಲಿಹೋಗುವುದರಿಂದ ದೊಡ್ಡವರೂ ಅಲ್ಲಿ ಎಡವುತ್ತಾರೆ. ಒತ್ತಕ್ಷರಗಳೆಲ್ಲ ಒಂದೇ ಬಗೆಯಲ್ಲಿ ಬಿದ್ದುಹೋಗಿರುವುದು ಅವರನ್ನು ಹಿಡಿದು ನಿಲ್ಲಿಸಿತು. ಕಾರಣ ಎರಡಿರಬಹುದು: ಹುಡುಗನಿಗೆ ಧ್ವನಿ ಕೇಳಿಸುತ್ತಿದ್ದು ಒತ್ತು ಎಲ್ಲಿ ಕೂರಬೇಕೆಂದು ತಿಳಿಯದಿರಬಹುದು, ಇಲ್ಲವೇ ಆ ಧ್ವನಿಯೇ ಬೇರೆಯೆಂದು ಅವನಿಗೆ ತೋರದಿರಬಹುದು. ಶಿಕ್ಷಕಿ ತಮ್ಮ ಬಾಯಿಯನ್ನು ಹಾಳೆಯಿಂದ ಮರೆಮಾಡಿಕೊಂಡು ‘ಹಕಿ, ಹಕ್ಕಿ, ಎರಡೂ ಒಂದೇನಾ ಬೇರೆಯಾ?’ ಎಂದು ಕೇಳಿದರು. ಹುಡುಗ ತಡವರಿಸಿದ. ಮತ್ತೆ ಮೂರು ಜೋಡಿ. ಊಹಿಸಿ ಹೇಳುತ್ತಿದ್ದಾನೆಂದು ತಿಳಿಯಿತು. ಹಾಗಾದರೆ ಕಾಪಿ ಬರೆಸಿ ಫಲವಿಲ್ಲ, ಕೆಲಸ ಕಿವಿಯಿಂದ ಶುರುವಾಗಬೇಕು.

ಶುರುವಾದದ್ದೂ ಹಾಗೆಯೇ. ಮೊದಲ ವಾರಗಳಲ್ಲಿ ಪೆನ್ಸಿಲ್ ಇಲ್ಲ. ‘ಹಕಿ’ ಎಂದರೆ ಅಂಗಿಯ ಎರಡು ಗುಂಡಿ ಪಕ್ಕಪಕ್ಕ ಇಡಬೇಕು, ‘ಹಕ್ಕಿ’ ಎಂದರೆ ನಡುವೆ ಒಂದು ಕ್ಷಣ ಉಸಿರು ತಡೆದು ಮೂರನೆಯ ಗುಂಡಿ. ಆ ಕ್ಷಣ ಗಂಟಲಿನ ಕಂಪನ ನಿಲ್ಲುವುದನ್ನು ಬೆರಳಿಟ್ಟು ತಿಳಿಯಬೇಕು. ಆಮೇಲೆ ಅಂಗೈ ಅಗಲದ ಅಕ್ಷರವನ್ನು ಮರಳಿನಲ್ಲಿ ತೀಡುತ್ತ, ತೀಡುವಾಗಲೇ ಗಟ್ಟಿಯಾಗಿ ಹೇಳಬೇಕು. ಕಣ್ಣು, ಕಿವಿ, ಬಾಯಿ, ಕೈ ಒಟ್ಟಿಗೆ ದುಡಿಯುವ, ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನದಕ್ಕೆ ಕಾಲಿಡದ ಈ ಪದ್ಧತಿಗೆ ತಳಹದಿ ಹಾಕಿದವರು 1920 ಮತ್ತು 30ರ ದಶಕದ ಅಮೆರಿಕದಲ್ಲಿ ನರರೋಗ ತಜ್ಞ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆನಾ ಗಿಲಿಂಗ್‌ಹ್ಯಾಮ್. ನೋಡುವವರಿಗೆ ಇದು ಬೇಸರ ತರುವಷ್ಟು ನಿಧಾನ. ಆದರೆ ಫಲ ಮಿದುಳಿನಲ್ಲೇ ಕಾಣುತ್ತದೆ: 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಓದಿನಲ್ಲಿ ಹಿಂದುಳಿದ ಎಂಟರಿಂದ ಹತ್ತು ವರ್ಷದ ಮಕ್ಕಳಿಗೆ ನೂರು ಗಂಟೆಗಳ ಓದಿನ ತರಬೇತಿ ಕೊಟ್ಟ ಮೇಲೆ ಮಿದುಳಿನ ಭಾಗಗಳನ್ನು ಬೆಸೆಯುವ ನರತಂತುಗಳ ಗುಣಮಟ್ಟವೇ ಸುಧಾರಿಸಿತ್ತು. ಬಣ್ಣದ ಕನ್ನಡಕ, ಕಣ್ಣಿನ ಕಸರತ್ತುಗಳಿಂದ ಡಿಸ್ಲೆಕ್ಸಿಯಾ ವಾಸಿಯಾಗುತ್ತದೆ ಎನ್ನುವವರನ್ನು ನಂಬಬೇಡಿ. ಅದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರೂ ನೇತ್ರತಜ್ಞರೂ 2009ರಲ್ಲೇ ಒಟ್ಟಾಗಿ ಹೇಳಿದ್ದಾರೆ. ಹಣ ಹೋದದ್ದು ಹೋಗಲಿ, ಹೀಗೆ ಕಳೆದ ಕಾಲ ಮಗುವಿಗೆ ಮರಳಿ ಬರುವುದಿಲ್ಲ.

ಈ ದಾರಿಯಲ್ಲಿ ಇನ್ನೂ ಕೆಲವರು ಜತೆಯಾಗುತ್ತಾರೆ. ಮನಶ್ಶಾಸ್ತ್ರಜ್ಞರು ಬುದ್ಧಿಶಕ್ತಿ, ನೆನಪು, ಓದಿನ ವೇಗಗಳನ್ನು ಬೇರೆಬೇರೆಯಾಗಿ ಅಳೆದು ತೊಡಕು ಎಲ್ಲಿದೆಯೆಂದು ತೋರಿಸುತ್ತಾರೆ. ತಡವಾಗಿ ಮಾತು ಬಂದ ಮಕ್ಕಳಿಗೆ ವಾಕ್ ಚಿಕಿತ್ಸಕರು ಬೇಕು, ಪೆನ್ಸಿಲ್ ಹಿಡಿದರೆ ಕೈ ಸೋಲುವವರಿಗೆ ದಿನನಿತ್ಯದ ಕೈಕೆಲಸಗಳನ್ನು ರೂಢಿಸುವ ಆಕ್ಯುಪೇಷನಲ್ ಥೆರಪಿಸ್ಟ್. ಗಮನದ ತೊಂದರೆಯೂ ಓದಿನ ತೊಂದರೆಯೂ ಒಂದೇ ಮಗುವಿನಲ್ಲಿ ಕೂಡಿಬರುವುದು ಸಾಮಾನ್ಯವಾದ್ದರಿಂದ ಒಬ್ಬರಿಂದಲೇ ಎಲ್ಲ ಆಗುವುದಿಲ್ಲ. ಇಷ್ಟು ಜನರಿದ್ದೂ ಸೋಲುವುದು ಎಲ್ಲಿ? ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದದಿರುವಲ್ಲಿ. ಕಡತ ಹೊತ್ತು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಅಲೆಯುವ ತಾಯಿಯೇ ಎಷ್ಟೋ ಸಲ ಈ ತಂಡದ ಏಕೈಕ ಕೊಂಡಿ. ಹದಿನಾಲ್ಕು ಪುಟಗಳ ವರದಿಯಲ್ಲಿ ಹದಿಮೂರು ಪುಟ ಅಂಕಿಗಳಿದ್ದರೂ ಚಿಂತೆಯಿಲ್ಲ; ನಾಳೆ ಬೆಳಿಗ್ಗೆ ತರಗತಿಯ ಶಿಕ್ಷಕರು ಮಾಡಬೇಕಾದದ್ದು ಕೊನೆಯ ಪುಟದಲ್ಲಿ ಇರಬೇಕು. ಮುಂದಿನ ಬೆಂಚಿನಲ್ಲಿ ಕೂರಿಸಿ. ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ. ಹತ್ತು ಲೆಕ್ಕಗಳನ್ನು ನಾಲ್ಕು, ಮೂರು, ಮೂರು ಎಂದು ಮುರಿದು, ನಡುವೆ ಎದ್ದು ಓಡಾಡಲು ಬಿಡಿ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಿ. ಎಲ್ಲರೆದುರು ಎದ್ದು ನಿಂತು ಗಟ್ಟಿಯಾಗಿ ಓದಲು ಎಂದೂ ಹೇಳಬೇಡಿ.

ಉಕ್ತಲೇಖನದ ಆ ಹುಡುಗನನ್ನು ಐದು ತಿಂಗಳ ನಂತರ ಮತ್ತೆ ನೋಡಿದೆ. ‘ಬೆಕ್ಕು’ ಎಂದರು ಶಿಕ್ಷಕಿ. ಅವನು ‘ಬೆಕು’ ಎಂದು ಬರೆದ. ಯಾರೂ ಏನೂ ಹೇಳಲಿಲ್ಲ. ಅವನ ತುಟಿ ಅಲುಗಿತು, ಎಡಗೈ ಬೆರಳು ಗಂಟಲಿನ ಮೇಲೆ ಹೋಯಿತು. ಒಂದು ಕ್ಷಣ ಹಾಗೇ ಇದ್ದು, ಪೆನ್ಸಿಲ್ ತೆಗೆದುಕೊಂಡು ‘ಕು’ವಿನ ಕೆಳಗೆ ಒತ್ತು ಕೊಟ್ಟ.